ಕೈಕೆಲಸದ ಸಂತೋಷ, ಒಡವೆಯ ವಿವೇಕ

ಗೃಹಸ್ಥ ಜೀವನದಲ್ಲಿ ಅಲಂಕಾರಕ್ಕೂ ಒಂದು ಸ್ಥಾನವಿದೆ. ನಮ್ಮ ಹಿರಿಯರು ಅದನ್ನು ಅಲ್ಲಗಳೆದವರಲ್ಲ. ಬಸದಿಯ ಗರ್ಭಗೃಹದಲ್ಲಿ ತೀರ್ಥಂಕರರ ಬಿಂಬವು ನಿರಾಭರಣವಾಗಿ ನಿಂತಿದ್ದರೆ, ಅದೇ ಬಸದಿಯ ಯಕ್ಷ-ಯಕ್ಷಿಯರ ಮೂರ್ತಿಗಳಲ್ಲಿ ಕಂಠೀಹಾರ, ತೋಳಬಂದಿ, ಕಟಿಸೂತ್ರ, ಕಾಲ್ಗಡಗಗಳನ್ನು ಶಿಲ್ಪಿಯು ಒಂದೊಂದು ಮಣಿಯನ್ನೂ ಬಿಡದೆ ಕಂಡರಿಸಿದ್ದಾನೆ. ತ್ಯಾಗದ ಆದರ್ಶವೂ ಅಲಂಕಾರದ ಪ್ರೀತಿಯೂ ಒಂದೇ ಸೂರಿನ ಕೆಳಗೆ ಶತಮಾನಗಳಿಂದ ನೆಲೆಸಿವೆ. ಆದ್ದರಿಂದ ಒಡವೆ ಬೇಕೇ, ಬೇಡವೇ ಎಂಬುದು ಈ ಲೇಖನದ ಪ್ರಶ್ನೆಯಲ್ಲ. ಕೈಯಿಂದ ಮಾಡಿದ ವಸ್ತುವೊಂದು ಮನೆಗೆ ತರುವ ಸಂತೋಷ ಎಂಥದು, ಆ ಸಂತೋಷವು ನಿರ್ಮಲವಾಗಿ ಉಳಿಯಬೇಕಾದರೆ ನಾವು ಏನೇನನ್ನು ತಿಳಿದಿರಬೇಕು ಎಂಬುದನ್ನು, ನನ್ನ ಮನೆಯಲ್ಲಿಯೂ ನೆರೆಹೊರೆಯಲ್ಲಿಯೂ ಕಂಡ ಕೆಲವು ಸಂಗತಿಗಳ ಆಧಾರದಿಂದ ವಿಚಾರ ಮಾಡುವುದಷ್ಟೇ ನನ್ನ ಉದ್ದೇಶ.

ಮದುವೆ ನಿಶ್ಚಯವಾದ ಮನೆಯಲ್ಲಿ ಒಡವೆಯ ಮಾತು ತೊಲದಿಂದ ಆರಂಭವಾಗಿ ದರದಲ್ಲಿ ಮುಗಿಯುತ್ತದೆ. ಎಷ್ಟು ತೊಲ, ಇಂದಿನ ಧಾರಣೆ ಎಷ್ಟು, ಸವಕಳಿ ಎಷ್ಟು ಹಿಡಿಯುತ್ತಾರೆ, ಮಜೂರಿ ಎಷ್ಟು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತರೆ ವ್ಯವಹಾರ ಮುಗಿದಂತೆಯೇ. "ಇದನ್ನು ಮಾಡಿದವರು ಯಾರು?" ಎಂದು ಕೇಳುವವರು ವಿರಳ. 2021ರಿಂದ ಹಂತ ಹಂತವಾಗಿ ಕಡ್ಡಾಯವಾಗಿರುವ ಹಾಲ್‌ಮಾರ್ಕ್ ಮುದ್ರೆಯು ಬಂಗಾರದ ಶುದ್ಧತೆಯನ್ನು ಹೇಳುತ್ತದೆ; 22 ಕ್ಯಾರಟ್ ಒಡವೆಯ ಮೇಲೆ 916 ಎಂಬ ಅಂಕಿಯೂ ಅದರೊಡನೆ ಆರು ಅಕ್ಷರ-ಅಂಕಿಗಳ ಗುರುತೂ ಇರುತ್ತವೆ. ಗ್ರಾಹಕನು ಮೋಸ ಹೋಗದಂತೆ ಮಾಡಿದ ಒಳ್ಳೆಯ ಏರ್ಪಾಡು ಅದು. ಆದರೆ ಆ ಒಡವೆಯಲ್ಲಿ ಕೂರಿಸಿದ ಮುತ್ತು ಹೇಗೆ ಬಂತು, ಕೂರಿಸಿದ ಕೈ ಯಾರದು, ಆ ಕೈಗೆ ದೊರೆತದ್ದೆಷ್ಟು ಎಂಬುದನ್ನು ಆ ಮುದ್ರೆ ಹೇಳುವುದಿಲ್ಲ. ಅದನ್ನು ನಾವೇ ಕೇಳಿ ತಿಳಿಯಬೇಕಾಗಿದೆ.

ಕೌದಿಯೂ ಕಸೂತಿಯೂ

ನಮ್ಮದು ಧಾರವಾಡದ ಕಡೆಯ ಒಕ್ಕಲುತನದ ಮನೆ. ಸುಗ್ಗಿ ಮುಗಿದ ಮೇಲೆ, ಬೇಸಿಗೆಯ ಮಧ್ಯಾಹ್ನಗಳಲ್ಲಿ ಪಡಸಾಲೆಯಲ್ಲಿ ಕೌದಿಯನ್ನು ಹರವಿಕೊಂಡು ನಾಲ್ಕಾರು ಜನ ಹೆಣ್ಣುಮಕ್ಕಳು ಸುತ್ತ ಕುಳಿತು ಹೊಲಿಯುವುದು ನಮ್ಮಲ್ಲಿ ವಾಡಿಕೆ. ಕೆಳಗೆ ಸವೆದ ಇಳಕಲ್ ಸೀರೆ, ನಡುವೆ ಹಳೆಯ ಧೋತರಗಳ ಪದರು, ಮೇಲೆ ಬಣ್ಣ ಬಣ್ಣದ ಅರಿವೆಯ ತುಂಡುಗಳು. ಅಂಚಿನಿಂದ ಆರಂಭಿಸಿ ಒಳಮುಖವಾಗಿ ಚೌಕಾಕಾರದಲ್ಲಿ ಸಾಲು ಸಾಲಾಗಿ ಹೊಲಿಗೆ ಹಾಕುತ್ತ ಹೋಗಿ ನಡುವಿಗೆ ಬಂದು ಮುಗಿಸುತ್ತಾರೆ. ಅದಕ್ಕೆ ನಕ್ಷೆಯಿಲ್ಲ. ಅಳತೆಯೆಂದರೆ ಮಲಗುವವರ ಉದ್ದ. ಒಬ್ಬರ ಹೊಲಿಗೆ ಒತ್ತಾಗಿರುತ್ತದೆ, ಇನ್ನೊಬ್ಬರದು ಉದ್ದುದ್ದವಾಗಿರುತ್ತದೆ. ಹತ್ತು ವರ್ಷದ ಮೇಲೆ ನೋಡಿದರೂ ಇದು ಇಂಥವರ ಕೈ ಎಂದು ಮನೆಯವರು ಗುರುತಿಸಬಲ್ಲರು. ಇದು ಅಜ್ಜನ ಅಂಗಿ, ಇದು ನಾನು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಪರಕಾರ ಎಂದು ಮಕ್ಕಳಿಗೆ ತೋರಿಸುವಾಗ ಕೌದಿಯೇ ಮನೆಯ ಚರಿತ್ರೆಯಾಗುತ್ತದೆ.

ಈ ಕಲೆ ಒಂದು ಜಾತಿಗೆ, ಒಂದು ಸೀಮೆಗೆ ಸೇರಿದ್ದಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಕಡೆಯ ಸಿದ್ದಿ ಜನಾಂಗದವರು ಆಫ್ರಿಕಾ ಮೂಲದ ಕನ್ನಡನಾಡಿನ ನಿವಾಸಿಗಳು. ಅವರ ಹೆಣ್ಣುಮಕ್ಕಳು ಹೊಲಿಯುವ ಕವಂದಿಯೂ ಹೀಗೆಯೇ ಹಳೆಯ ಬಟ್ಟೆಯಿಂದ ಆಗುತ್ತದೆ. ಅದೂ ಅಂಚಿನಿಂದ ನಡುವಿಗೆ ಸಾಗುತ್ತದೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಕೂರಿಸಿದ ತ್ರಿಕೋನಾಕಾರದ 'ಫೂಲ' ಇಲ್ಲದಿದ್ದರೆ ಕವಂದಿ ಪೂರ್ಣವಾಗದು ಎಂಬುದು ಅವರ ಭಾವನೆ. ಮಲಗುವವನಿಗೆ ಆ ಮೂಲೆಯ ಹೂವಿನಿಂದ ಬೆಚ್ಚಗೆ ಹೆಚ್ಚಾಗುವುದಿಲ್ಲ. ಆದರೂ ಅದು ಬೇಕು. ಕಡುಬಡತನದಲ್ಲಿಯೂ ಮನುಷ್ಯನು ಉಪಯೋಗಕ್ಕಿಂತ ಒಂದು ಹೂವಿನಷ್ಟು ಹೆಚ್ಚಾಗಿ ಮಾಡುತ್ತಾನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಕೌದಿ ಕಲಿಯದೆ ಬರುವ ಕಲೆಯಾದರೆ, ಕಸೂತಿಯು ಕಲಿತು ಬರುವ ಕಲೆ. ಕೈ ಮತ್ತು ಸೂತಿ, ಅಂದರೆ ಕೈಯಿಂದ ಮಾಡಿದ ನೂಲಿನ ಕೆಲಸ ಎಂದು ಆ ಹೆಸರಿಗೆ ಅರ್ಥ ಹೇಳುವುದುಂಟು. ಅದರಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗಾವಂತಿ, ಮುರಗಿ, ನೇಯ್ಗಿ, ಮೆಂತಿ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆಗಳನ್ನು ಎಣಿಸಿಕೊಂಡೇ ಗೋಪುರ, ರಥ, ಪಲ್ಲಕ್ಕಿ, ಆನೆ, ನವಿಲು, ಕಮಲ, ತೊಟ್ಟಿಲುಗಳನ್ನು ಮೂಡಿಸಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗಾವಂತಿಯಲ್ಲಿಯೂ ಮುರಗಿಯಲ್ಲಿಯೂ ಬಟ್ಟೆಯ ಎರಡು ಬದಿಗಳು ಒಂದೇ ರೀತಿಯಾಗಿ ಕಾಣಬೇಕು. ನನಗೆ ಕಸೂತಿ ಕಲಿಸಿದ ಸೋದರತ್ತೆಯವರು ನಾನು ಹೊಲಿದದ್ದನ್ನು ಕೈಗೆ ತೆಗೆದುಕೊಂಡೊಡನೆ ಮಗುಚಿ ಹಿಂಬದಿಯನ್ನೇ ನೋಡುತ್ತಿದ್ದರು. ಅಲ್ಲಿ ಸರಿಯಿದ್ದರೆ ಮುಂಭಾಗವನ್ನು ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಪರರಿಗೆ ಕಾಣದ ಬದಿಯನ್ನು ಸ್ವಚ್ಛವಾಗಿಡುವ ಅಭ್ಯಾಸವನ್ನು ಅವರು ಉಪದೇಶದಿಂದ ಕಲಿಸಲಿಲ್ಲ. ಬಟ್ಟೆಯನ್ನು ಮಗುಚಿ ಕಲಿಸಿದರು.

ಇಂಥ ಕೆಲಸದ ಸಂತೋಷಕ್ಕೆ ಒಂದು ವಿಶೇಷ ಗುಣವಿದೆ. ಕೊಂಡು ತಂದ ವಸ್ತುವಿನ ಸಂತೋಷವು ಅದು ಕೈಗೆ ಬಂದ ಗಳಿಗೆಯಲ್ಲಿ ಅತ್ಯಧಿಕವಾಗಿದ್ದು, ಅಲ್ಲಿಂದ ಇಳಿಯುತ್ತ ಹೋಗುತ್ತದೆ. ಮಾಡುವ ಕೆಲಸದ ಸಂತೋಷವಾದರೋ ಮಾಡುತ್ತಿರುವಷ್ಟು ದಿನವೂ ಇರುತ್ತದೆ. ಮಾಡಿ ಮುಗಿಸಿದ್ದನ್ನು ಇನ್ನೊಬ್ಬರಿಗೆ ಕೊಟ್ಟ ಮೇಲೂ ಉಳಿಯುತ್ತದೆ. ಪರಿಗ್ರಹವನ್ನು ಹೆಚ್ಚಿಸದೆ ಮನಸ್ಸನ್ನು ತುಂಬುವ ಸಂತೋಷಗಳು ಗೃಹಸ್ಥನಿಗೆ ಬಹಳವಿಲ್ಲ. ಅವುಗಳಲ್ಲಿ ಕೈಕೆಲಸವೂ ಒಂದೆಂದು ನಾನು ಎಣಿಸುತ್ತೇನೆ.

ಏಳು ಮುತ್ತುಗಳು

ಕೌದಿಯಲ್ಲಾಗಲಿ, ಹತ್ತಿಯ ಬಟ್ಟೆಯ ಮೇಲಿನ ಕಸೂತಿಯಲ್ಲಾಗಲಿ ಬೇಕಾಗುವ ಸಾಮಗ್ರಿಯ ಬಗ್ಗೆ ಮನಸ್ಸಿಗೆ ಅಳುಕಿಲ್ಲ. ಒಡವೆಯ ವಿಷಯ ಹಾಗಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತಮ್ಮನ ಮಗಳ ಮದುವೆಯ ಸಿದ್ಧತೆ ನಡೆದಿದ್ದಾಗ ಈ ಪ್ರಶ್ನೆ ನಮ್ಮ ಮನೆಯೊಳಗೇ ಬಂದು ನಿಂತಿತು.

ನನ್ನ ಅಜ್ಜಿಯದೊಂದು ಮುತ್ತಿನ ನತ್ತು ನಮ್ಮಲ್ಲಿದೆ. ಬಂಗಾರದ ತಂತಿಯಲ್ಲಿ ಏಳು ಮುತ್ತುಗಳು, ನಡುವೆ ಒಂದು ಕೆಂಪು ಹರಳು. ಅಜ್ಜಿಯ ನಂತರ ನನ್ನ ತಾಯಿಯೂ, ಅವರ ನಂತರ ಮನೆಯ ಹೆಣ್ಣುಮಕ್ಕಳೂ ಸೊಸೆಯರೂ ಮದುವೆಯ ದಿನ ಅದನ್ನು ಧರಿಸಿದ್ದಾರೆ. ಈ ಹುಡುಗಿಯೂ ಧರಿಸುವಳೆಂದು ಯಾರೂ ಕೇಳದೆಯೇ ನಿಶ್ಚಯವಾಗಿತ್ತು. ಆದರೆ ಅವಳು, "ಮುತ್ತು ನನಗೆ ಬೇಡ" ಎಂದಳು.

ಅವಳ ಕಾರಣ ಸರಳವಾಗಿತ್ತು. ಸಿಂಪಿಯ ಚಿಪ್ಪಿನೊಳಗೆ ಹೊರಗಿನ ವಸ್ತು ಏನಾದರೂ ಸೇರಿಕೊಂಡರೆ ಆ ಜೀವಿ ತನ್ನ ರಕ್ಷಣೆಗಾಗಿ ಅದರ ಸುತ್ತ ಪದರದ ಮೇಲೆ ಪದರವನ್ನು ಸ್ರವಿಸುತ್ತದೆ, ಅದೇ ಮುತ್ತು. ಹಿಂದೆ ಕಡಲ ತಳದಿಂದ ಸಿಂಪಿಗಳನ್ನು ರಾಶಿ ರಾಶಿಯಾಗಿ ತಂದು ಒಡೆದು, ಎಲ್ಲೋ ಕೆಲವುಗಳಲ್ಲಿ ಮುತ್ತನ್ನು ಕಾಣುತ್ತಿದ್ದರು. ಜಪಾನಿನ ಮಿಕಿಮೊಟೊ ಕೊಕಿಚಿ 1893ರಲ್ಲಿ ಅರ್ಧಗೋಲಾಕಾರದ ಮುತ್ತನ್ನು ಸಾಕಣೆಯಿಂದ ಪಡೆದ ಮೇಲೆ ಮುತ್ತಿನ ಬೇಸಾಯ ಜಗತ್ತಿನಲ್ಲೆಲ್ಲ ಹರಡಿತು. ಇಂದು ದುಂಡು ಮುತ್ತು ಬೇಕಾದರೆ ಒಂದು ಸಿಂಪಿಯನ್ನು ಕೊಯ್ದು ಅದರ ಅಂಗಾಂಶದ ಚೂರನ್ನು ತೆಗೆದು, ಒಂದು ಮಣಿಯೊಡನೆ ಇನ್ನೊಂದು ಜೀವಂತ ಸಿಂಪಿಯೊಳಗೆ ಸೇರಿಸುತ್ತಾರೆ. ಕಾಲ ತುಂಬಿದ ಮೇಲೆ ಅದನ್ನೂ ತೆರೆಯುತ್ತಾರೆ. ಶಂಖ, ಸಿಂಪಿಗಳು ಸ್ಪರ್ಶನ ಮತ್ತು ರಸನ ಎಂಬ ಎರಡು ಇಂದ್ರಿಯಗಳುಳ್ಳ ಜೀವಗಳೆಂದು ನಮ್ಮ ಮಕ್ಕಳು ಪಾಠಶಾಲೆಯಲ್ಲಿಯೇ ಬಾಯಿಪಾಠ ಮಾಡುತ್ತಾರೆ. ಬಾಯಿಪಾಠ ಮಾಡಿದ್ದನ್ನು ಈ ಹುಡುಗಿ ಕನ್ನಡಿಯ ಮುಂದೆ ನೆನಪಿಸಿಕೊಂಡಳು, ಅಷ್ಟೇ.

ನನ್ನ ತಾಯಿಗೆ ಆಗ ಎಂಬತ್ತು ದಾಟಿತ್ತು. ಅವರ ಮಾತಿನಲ್ಲಿಯೂ ತೂಕವಿತ್ತು. "ಈ ಸಿಂಪಿಗಳು ಸತ್ತು ನೂರು ವರ್ಷವಾಗಿರಬಹುದು. ನೀನು ಇಟ್ಟುಕೊಂಡರೂ ಬಿಟ್ಟರೂ ಅವು ಬದುಕಿ ಬರುವುದಿಲ್ಲ. ಹೊಸದನ್ನು ಕೊಳ್ಳಬೇಡ, ಒಪ್ಪುತ್ತೇನೆ. ಇದು ನನ್ನ ಅತ್ತೆ ತಮ್ಮ ಕೈಯಿಂದ ನನಗೆ ಇಟ್ಟದ್ದು" ಎಂದರು. ಹುಡುಗಿ ಕೃತ, ಕಾರಿತ, ಅನುಮೋದನೆಗಳ ಮಾತೆತ್ತಿದಳು. ತಾನು ಕೊಲ್ಲಲಿಲ್ಲ, ಕೊಲ್ಲಿಸಲಿಲ್ಲ ಎಂಬುದು ನಿಜವಾದರೂ, ಅದನ್ನು ಧರಿಸಿ ನಾಲ್ಕು ಜನರೆದುರು ನಿಂತರೆ ಮುತ್ತು ಚೆಂದ ಎಂದು ಒಪ್ಪಿಗೆ ಕೊಟ್ಟಂತಾಗುವುದಿಲ್ಲವೇ, ನನ್ನನ್ನು ನೋಡಿ ಗೆಳತಿಯೊಬ್ಬಳು ಅಂಥದೇ ಒಂದನ್ನು ಮಾಡಿಸಿದರೆ ಅದರಲ್ಲಿ ನನ್ನ ಪಾಲಿಲ್ಲವೇ ಎಂದು ಕೇಳಿದಳು. ಆಗ ತಾಯಿ ಮೆಲ್ಲನೆ, "ಹಾಗಾದರೆ ನಾವೆಲ್ಲ ಧರಿಸಿದ್ದು ಪಾಪವೇ?" ಎಂದರು. ಮನೆಯಲ್ಲಿ ಯಾರೂ ಮಾತನಾಡಲಿಲ್ಲ.

ಹುಡುಗಿ ಸ್ವಲ್ಪ ಹೊತ್ತಿನ ಮೇಲೆ, "ನಾನು ಹಾಗೆ ಹೇಳಲಿಲ್ಲ, ಅಜ್ಜಿ. ನನಗೆ ಗೊತ್ತಾಗಿಬಿಟ್ಟಿದೆ. ಗೊತ್ತಾದ ಮೇಲೆ ನನ್ನಿಂದಾಗದು" ಎಂದಳು. ತತ್ತ್ವಾರ್ಥಸೂತ್ರವು ಆಸ್ರವದ ತಾರತಮ್ಯವನ್ನು ವಿವರಿಸುವಲ್ಲಿ ಜ್ಞಾತಭಾವವನ್ನೂ ಅಜ್ಞಾತಭಾವವನ್ನೂ ಬೇರೆ ಬೇರೆಯಾಗಿ ಎಣಿಸಿದೆ ಎಂಬುದು ಸ್ವಾಧ್ಯಾಯ ಮಾಡುವವರೆಲ್ಲರಿಗೂ ತಿಳಿದದ್ದೇ. ಹಿಂದಿನವರನ್ನು ದೂಷಿಸದೆಯೇ ಮುಂದಿನವರು ಬೇರೆ ದಾರಿ ಹಿಡಿಯುವುದಕ್ಕೆ ಅಲ್ಲಿ ಎಡೆಯಿದೆ. ಹಿರಿಯರ ಸ್ಮರಣೆಯನ್ನೂ ಕಿರಿಯರ ವಿವೇಕವನ್ನೂ ಎದುರು ಬದುರು ನಿಲ್ಲಿಸಿ ಒಂದನ್ನು ಸೋಲಿಸುವ ಅಗತ್ಯವಿಲ್ಲವೆಂದು ನನಗೆ ಅನ್ನಿಸಿದ್ದು ಆ ದಿನವೇ.

ದಾರಿಯನ್ನು ತೋರಿಸಿದವರು ನಮ್ಮ ಓಣಿಯ ವೃದ್ಧ ಅಕ್ಕಸಾಲಿಗರು. ನತ್ತನ್ನು ಬೆಳಕಿಗೆ ಹಿಡಿದು ನೋಡಿ, "ಚೌಕಟ್ಟು ಹೀಗೆಯೇ ಇರಲಿ, ಹರಳೂ ಇರಲಿ. ಮುತ್ತಿನ ಜಾಗಕ್ಕೆ ಬಂಗಾರದ ಗುಂಡು ಕೂರಿಸುತ್ತೇನೆ" ಎಂದರು. ಹುಡುಗಿ ಎರಡು ಸಂಜೆ ಅವರ ಅಂಗಡಿಯಲ್ಲಿ ಕುಳಿತು ಕೆಲಸವನ್ನು ನೋಡಿದಳು. ತೆಳುವಾದ ತಗಡಿನಿಂದ ಸಣ್ಣ ಬಿಲ್ಲೆಗಳನ್ನು ಕತ್ತರಿಸಿ, ಅಚ್ಚಿನ ಕುಳಿಯಲ್ಲಿಟ್ಟು ತಟ್ಟಿ ಬಟ್ಟಲಿನಂತೆ ಮಾಡಿ, ಎರಡು ಬಟ್ಟಲುಗಳನ್ನು ಬಾಯಿಗೆ ಬಾಯಿ ಸೇರಿಸಿ ಬಿಳಿಗಾರ ಹಚ್ಚಿ ಊದುಗೊಳವೆಯ ಉರಿಯಲ್ಲಿ ಬೆಸೆದರು. ತಂತಿಯು ಒಂದು ಕಡೆ ಸವೆದಿದ್ದುದರಿಂದ ಹೊಸ ತಂತಿಯನ್ನೂ ಎಳೆದರು. ಉಕ್ಕಿನ ಹಲಗೆಯಲ್ಲಿ ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿರುವ ತೂತುಗಳ ಮೂಲಕ ಒಂದಾದ ಮೇಲೊಂದರಂತೆ ಎಳೆದು, ನಡುನಡುವೆ ಕಾಯಿಸಿ ಮೆದುಮಾಡಿ, ಕೂದಲಿನಷ್ಟು ನಯವಾಗಿಸಿದರು. ಅವಳು ಮನೆಗೆ ಬಂದು ಇದನ್ನೆಲ್ಲ ವರ್ಣಿಸಿದ ರೀತಿಯನ್ನು ಕೇಳಿದವರಿಗೆ, ಅವಳ ಬೇರೆಲ್ಲ ಒಡವೆಗಳಿಗಿಂತ ಈ ನತ್ತೇ ಅವಳದಾಗಿದೆ ಎಂದು ತಿಳಿಯುತ್ತಿತ್ತು.

ಮದುವೆಯ ದಿನ ನನ್ನ ತಾಯಿಯೇ ಅದನ್ನು ಅವಳಿಗೆ ಇಟ್ಟರು. ಏಳು ಮುತ್ತುಗಳನ್ನು ತಮ್ಮ ಕುಂಕುಮದ ಭರಣಿಯಲ್ಲಿ ಜೋಪಾನವಾಗಿರಿಸಿದರು. "ಹಳೆಯದರ ಕಳೆ ಇದಕ್ಕಿಲ್ಲ" ಎಂದು ಅಂದೂ ಹೇಳಿದರು, ತಾವಿರುವವರೆಗೂ ಹೇಳಿದರು. ಹುಡುಗಿ ಆ ಮಾತಿಗೆ ಒಮ್ಮೆಯೂ ಎದುರಾಡಲಿಲ್ಲ.

ಕಲೆ ಸಾಯುವುದಿಲ್ಲ

ಇಂಥ ವಿಚಾರಗಳನ್ನು ಎತ್ತಿದಾಗ, "ಇಷ್ಟೆಲ್ಲ ಸೂಕ್ಷ್ಮ ನೋಡುತ್ತ ಹೋದರೆ ನಮ್ಮ ನಾಡಿನ ಕರಕುಶಲ ಕಲೆಗಳೇ ನಾಶವಾದಾವು" ಎಂದು ಹೇಳುವವರಿದ್ದಾರೆ. ಆ ಆತಂಕವನ್ನು ಹಗುರವಾಗಿ ಕಾಣಬಾರದು. ಆದರೆ ಕರ್ನಾಟಕದ ಅನುಭವವೇ ಅದಕ್ಕೆ ಉತ್ತರ ಕೊಟ್ಟಿದೆ.

ಮೈಸೂರಿನ ಬೀಟೆಮರದ ಜಡಿತದ ಕೆಲಸ ಪ್ರಸಿದ್ಧವಾದದ್ದು. ಅದರಲ್ಲಿ ಹಿಂದೆ ಬಿಳಿಯ ಬಣ್ಣಕ್ಕಾಗಿ ಕೂರಿಸುತ್ತಿದ್ದುದು ಆನೆಯ ದಂತವನ್ನು. ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆಯ ಬಾಗಿಲಿನಲ್ಲಿ ಅದನ್ನು ಇಂದಿಗೂ ನೋಡಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ಆದ ತಿದ್ದುಪಡಿಯಿಂದ ಭಾರತದ ಆನೆಯ ದಂತದ ವ್ಯಾಪಾರ ನಿಂತಿತು. 1991ರ ತಿದ್ದುಪಡಿಯಿಂದ ಆಫ್ರಿಕಾದ ದಂತಕ್ಕೂ ಬಾಗಿಲು ಮುಚ್ಚಿತು. ದಂತವನ್ನೇ ನಂಬಿದ್ದ ಕುಶಲಕರ್ಮಿಗಳಿಗೆ ಅದು ಕಷ್ಟದ ಕಾಲವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಜಡಿತದ ಕಲೆ ಅಳಿಯಲಿಲ್ಲ. ಕೆಲವರು ಬಿಳಿಯ ಪ್ಲಾಸ್ಟಿಕ್ಕನ್ನು ಬಳಸಿದರು. ಇನ್ನು ಕೆಲವರು ಹಲಸಿನ ಹಳದಿಯೇ ಮೊದಲಾಗಿ ಬೇರೆ ಬೇರೆ ಮರಗಳ ಸಹಜ ವರ್ಣಗಳನ್ನು ಜೋಡಿಸಿ ಬೆಟ್ಟ, ಹೊಳೆ, ಹಳ್ಳಿಗಳ ಚಿತ್ರಗಳನ್ನು ಮಾಡತೊಡಗಿದರು. ದಂತ ಹೋಯಿತು, ಕೈ ಉಳಿಯಿತು. ಕಲೆ ಇರುವುದು ಕೈಯಲ್ಲಿ, ದಂತದಲ್ಲಲ್ಲ ಎಂಬುದು ಹೀಗೆ ಸಿದ್ಧವಾಯಿತು.

ಇದಕ್ಕಿಂತ ಕ್ಲಿಷ್ಟವಾದದ್ದು ಚನ್ನಪಟ್ಟಣದ ಬೊಂಬೆಗಳ ವಿಷಯ. ನಮ್ಮ ಮನೆಗಳಲ್ಲಿ ಮಗು ಹುಟ್ಟಿದರೆ ಆ ಬಣ್ಣದ ಗಿಲಕಿಯನ್ನು ತರದವರು ಕಡಿಮೆ. ಮೃದುವಾದ ಆಲೆಮರದ ತುಂಡನ್ನು ಚರಕಿಯಲ್ಲಿ ತಿರುಗಿಸುತ್ತ ಉಳಿಯಿಂದ ರೂಪ ಕೊಟ್ಟು, ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿದರೆ ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಗರಿಯಿಂದ ಒತ್ತಿ ತಿಕ್ಕಿದಾಗ ಹೊಳಪು ಬರುತ್ತದೆ. ನೋಡುವುದಕ್ಕೆ ಅದೊಂದು ಹಬ್ಬ. ಆದರೆ ಅರಗು ಮುತ್ತುಗ, ಬೋರೆ ಮೊದಲಾದ ಮರಗಳ ರೆಂಬೆಗಳ ಮೇಲೆ ವಾಸಿಸುವ ಸಣ್ಣ ಕೀಟಗಳ ಸ್ರಾವ. ರೆಂಬೆಯಿಂದ ಅದನ್ನು ಕೆರೆದು ತೆಗೆಯುವಾಗ ಅಸಂಖ್ಯಾತ ಕೀಟಗಳು ಅದರೊಡನೆ ನಾಶವಾಗುತ್ತವೆ. ಗೃಹಸ್ಥನು ಬಿಡಬೇಕಾದ ಹದಿನೈದು ಕ್ರೂರೋದ್ಯೋಗಗಳ ಪಟ್ಟಿಯಲ್ಲಿ ದಂತವಾಣಿಜ್ಯದೊಡನೆ ಲಾಕ್ಷಾವಾಣಿಜ್ಯವನ್ನೂ ಶ್ರಾವಕಾಚಾರ ಗ್ರಂಥಗಳು ಹೆಸರಿಸಿರುವುದು ಈ ಕಾರಣದಿಂದಲೇ.

ಹಾಗೆಂದು ಪ್ಲಾಸ್ಟಿಕ್ಕಿನ ಬೊಂಬೆಯನ್ನು ಕೊಂಡು ತಂದು ಅಹಿಂಸೆಯನ್ನು ಪಾಲಿಸಿದೆವೆಂದು ಸಮಾಧಾನಪಡುವುದು ಸರಿಯೇ? ತಿಪ್ಪೆಗೆ ಬಿದ್ದ ಪ್ಲಾಸ್ಟಿಕ್ಕನ್ನು ತಿಂದು ನರಳುವ ಹಸುಗಳನ್ನು ನಾವು ನಿತ್ಯ ನೋಡುತ್ತಿದ್ದೇವೆ. ಚನ್ನಪಟ್ಟಣದಲ್ಲಿ ಚರಕಿಯ ಮುಂದೆ ಕುಳಿತು ಹೊಟ್ಟೆ ಹೊರೆಯುವ ಕುಟುಂಬಗಳ ಹೊಣೆ ನಮಗಿಲ್ಲವೆಂದು ಹೇಳುವುದೂ ದಯೆಯಾಗಲಾರದು. ಮೊಮ್ಮಗುವಿಗಾಗಿ ಅಲ್ಲಿಗೆ ಹೋದಾಗ ನಾನು ಒಬ್ಬ ಕುಶಲಕರ್ಮಿಯನ್ನು, ಅರಗನ್ನು ಹಚ್ಚದೆ ಬರಿಯ ಮರದಲ್ಲಿ ಗಿಲಕಿಯನ್ನೂ ಗಾಲಿಯ ಕುದುರೆಯನ್ನೂ ಮಾಡಿಕೊಡುವಿರಾ ಎಂದು ವಿಚಾರಿಸಿದೆ. ಅವರು ನಕ್ಕು, "ಬಣ್ಣ ಬಿಟ್ಟರೆ ಬೆಲೆ ಇಳಿಯುವುದಿಲ್ಲ, ಅಮ್ಮ. ಬಣ್ಣದ ಕೆಳಗೆ ಮುಚ್ಚಿಹೋಗುವ ಗೀರುಗಳನ್ನೆಲ್ಲ ಈಗ ತಿಕ್ಕಿ ತೆಗೆಯಬೇಕು, ಕೆಲಸ ಹೆಚ್ಚು" ಎಂದರು. ಅವರ ಮಾತು ನ್ಯಾಯವಾಗಿತ್ತು. ಹೇಳಿದ ಬೆಲೆಯನ್ನೇ ಕೊಟ್ಟೆ. ಕೊಬ್ಬರಿ ಎಣ್ಣೆಯನ್ನು ಸವರಿದ ಆ ಕುದುರೆಯಲ್ಲಿ ಮರದ ಗೆರೆಗಳು ಕಾಣುತ್ತವೆ, ಮಗುವಿನ ಕೈ ತಾಗಿದಷ್ಟೂ ಅದು ನುಣುಪಾಗುತ್ತಿದೆ. ಬಣ್ಣದ ಬೊಂಬೆ ಬೇಕೆಂದು ಮಗು ಈವರೆಗೆ ಹಟ ಮಾಡಿಲ್ಲ. ಕೇಳಿದರೆ ಮಾಡಿಕೊಡುವವರಿದ್ದಾರೆ, ಕೇಳುವವರು ಹೆಚ್ಚಾದರೆ ಅಂಗಡಿಯಲ್ಲಿಯೂ ದೊರೆತೀತು.

ವಸ್ತುವೂ ಕೈಯೂ ಎರಡೂ ನಿರ್ಮಲವಾಗಿರುವ ಕೈಕೆಲಸದ ಮಾದರಿ ನಮ್ಮ ಕಣ್ಣೆದುರಿಗೇ ಇದೆ. ಸರ್ವಸ್ವವನ್ನು ತ್ಯಜಿಸಿದ ದಿಗಂಬರ ಮುನಿಗಳ ಕೈಯಲ್ಲಿಯೂ ಕೈಯಿಂದ ಮಾಡಿದ ಎರಡು ವಸ್ತುಗಳಿರುತ್ತವೆ: ಪಿಂಛಿ ಮತ್ತು ಕಮಂಡಲು. ನವಿಲು ತಾನಾಗಿ ಉದುರಿಸಿದ ಗರಿಗಳನ್ನು ಆಯ್ದು, ಒಪ್ಪವಾಗಿ ಜೋಡಿಸಿ ಕಟ್ಟಿದ ಪಿಂಛಿಯಲ್ಲಿ ಧೂಳನ್ನು ಹಿಡಿಯದಿರುವುದು, ಬೆವರನ್ನು ಹೀರದಿರುವುದು, ಮೃದುತ್ವ, ಸುಕುಮಾರತೆ, ಹಗುರ ಎಂಬ ಐದು ಗುಣಗಳನ್ನು ಶಾಸ್ತ್ರವು ಹೇಳುತ್ತದೆ. ಐದರಲ್ಲಿ ಒಂದಾದರೂ ಬೆಲೆಯ ಮಾತಲ್ಲ, ನೋಟದ ಮಾತೂ ಅಲ್ಲ. ಇರುವೆಗೂ ನೋವಾಗದಂತೆ ನೆಲವನ್ನು ಸವರಲು ಅದು ತಕ್ಕುದಾಗಿದೆಯೇ ಎಂಬುದಷ್ಟೇ ಅಲ್ಲಿನ ಒರೆಗಲ್ಲು. ಆದರೂ ಪಿಂಛಿಗಿಂತ ಸುಂದರವಾದ ವಸ್ತುವನ್ನು ಮನುಷ್ಯನ ಕೈ ಮಾಡಿದ್ದು ನಾನು ಹೆಚ್ಚಾಗಿ ಕಂಡಿಲ್ಲ.

ಮಜೂರಿಯ ಲೆಕ್ಕ

ಸಾಮಗ್ರಿಯ ವಿಚಾರದಷ್ಟೇ ಮುಖ್ಯವಾದದ್ದು ಕೂಲಿಯ ವಿಚಾರ. ಅಚೌರ್ಯವ್ರತದ ಅತಿಚಾರಗಳಲ್ಲಿ ಅಳತೆ-ತೂಕಗಳನ್ನು ಹೆಚ್ಚು ಕಡಿಮೆ ಮಾಡುವುದೂ ಒಂದು. ನಮ್ಮ ವರ್ತಕರು ಈ ವಿಷಯದಲ್ಲಿ ಒಳ್ಳೆಯ ಹೆಸರನ್ನು ಗಳಿಸಿದ್ದಾರೆ. ತಕ್ಕಡಿಯಲ್ಲಿ ಒಂದು ಗುಂಜಿಯ ವ್ಯತ್ಯಾಸವನ್ನೂ ಸಹಿಸರು. ತೊಲವೊಂದಕ್ಕೆ 96 ಗುಂಜಿಗಳ ಲೆಕ್ಕದಲ್ಲಿ ಅಷ್ಟು ಎಚ್ಚರಿಕೆ. ಆದರೆ ಸೆರಗಿನ ತುಂಬ ಕಸೂತಿ ಹಾಕಲು ವಾರಗಟ್ಟಲೆ ಕಣ್ಣನ್ನು ಸವೆಸಿದ ಹೆಣ್ಣುಮಗಳೊಡನೆ, "ದಾರಕ್ಕೆ ಎಷ್ಟು ಖರ್ಚಾದೀತು?" ಎಂದು ಚೌಕಾಶಿ ಮಾಡುವಾಗ ನಾವು ತೂಗದೆ ಬಿಡುವುದು ಅವಳ ದಿನಗಳನ್ನು. ದಿನಗಳೂ ಅಳತೆಯ ವಸ್ತುವೇ ಅಲ್ಲವೇ?

ನಮ್ಮ ಸಂಸ್ಥೆಗಳಲ್ಲಿಯೂ ಬಸದಿಗಳ ಆಡಳಿತ ಮಂಡಳಿಗಳಲ್ಲಿಯೂ ಇರುವ ಮಹನೀಯರು ಇದನ್ನು ಆಲೋಚಿಸಬೇಕೆಂದು ವಿನಂತಿಸುತ್ತೇನೆ. ಪಂಚಕಲ್ಯಾಣ ಮೊದಲಾದ ಉತ್ಸವಗಳಲ್ಲಿ ಅತಿಥಿಗಳಿಗೆ ಹೊಳೆಯುವ ಪೆಟ್ಟಿಗೆಯಲ್ಲಿಟ್ಟು ಕೊಡುವ ಸ್ಮರಣಿಕೆಗಳು ಬಹುಮಟ್ಟಿಗೆ ಕಪಾಟಿನಲ್ಲಿಯೇ ಉಳಿಯುತ್ತವೆ. ಅದೇ ಹಣದಲ್ಲಿ ಊರಿನ ಹೆಣ್ಣುಮಕ್ಕಳು ಹೊಲಿದ ಹತ್ತಿಯ ಗ್ರಂಥಚೀಲವನ್ನೋ, ಅಂಚಿಗೆ ಕಸೂತಿ ಹಾಕಿದ ಹತ್ತಿಯ ಶಾಲನ್ನೋ ಕೊಡಬಹುದು. ಆದರೆ ಅದನ್ನು 'ಸೇವೆ' ಎಂದು ಹೆಸರಿಟ್ಟು ಉಚಿತವಾಗಿ ಮಾಡಿಸಿಕೊಳ್ಳಬಾರದು. ಅನುಕೂಲವಿದ್ದವರು ಸಂತೋಷದಿಂದ ಮಾಡಿದರೆ ಅದು ಸೇವೆ. ಹೊಲಿದು ಬದುಕುವವರಿಂದ ಮಾಡಿಸಿ ಕೊಡಬೇಕಾದುದನ್ನು ಕೊಡದಿದ್ದರೆ ಅದಕ್ಕೆ ಬೇರೆ ಹೆಸರಿದೆ. ಶಾಲಿನ ಮೂಲೆಯಲ್ಲಿ ದಾನಿಗಳ ಹೆಸರನ್ನು ಅಚ್ಚು ಹಾಕಿಸುವಂತೆ ಹೊಲಿದವರ ಹೆಸರನ್ನೂ ಚಿಕ್ಕದಾಗಿ ಸೇರಿಸಿದರೆ ಯಾರ ಗೌರವಕ್ಕೂ ಕುಂದು ಬಾರದು.

ಈ ನಾಡಿನ ಚರಿತ್ರೆಯಲ್ಲಿ ಇದಕ್ಕೆ ದೊಡ್ಡ ಮೇಲ್ಪಂಕ್ತಿಯಿದೆ. ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯವರು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದರೆಂಬುದು ನಮಗೆಲ್ಲ ಹೆಮ್ಮೆಯ ವಿಷಯ. ಮುದ್ರಣ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಏನೆಂಬುದನ್ನು ನಾವು ಒಮ್ಮೆ ನಿಧಾನವಾಗಿ ಯೋಚಿಸಬೇಕು. ತಾಳೆಗರಿಯನ್ನು ಕುದಿಸಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಠದಿಂದ ಒಂದೊಂದು ಅಕ್ಷರವನ್ನೂ ಕೊರೆದು, ಮಸಿ ತೀಡಿ, ದಾರ ಪೋಣಿಸಿ ಕಟ್ಟಬೇಕು. ಎಷ್ಟು ಲಿಪಿಕಾರರ ಎಷ್ಟು ವರ್ಷಗಳ ಅನ್ನ ಆ ಒಂದು ದಾನದಲ್ಲಿ ಅಡಗಿತ್ತು! ಗ್ರಂಥದಾನವೆಂದು ನಾವು ಹೊಗಳುವುದು ಕುಶಲಕರ್ಮಿಗಳ ಪೋಷಣೆಯೂ ಆಗಿತ್ತು.

ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರದಲ್ಲಿ ಕಟ್ಟಿಡುವ ಪದ್ಧತಿ ನಮ್ಮಲ್ಲಿದೆ. ನಮ್ಮ ಊರಿನ ಬಸದಿಯಲ್ಲಿ ಕೆಲವು ವರ್ಷಗಳಿಂದ ಆ ವಸ್ತ್ರಗಳನ್ನು ಪಾಠಶಾಲೆಯ ಮಕ್ಕಳೂ ತಾಯಂದಿರೂ ಕೂಡಿ ಹತ್ತಿಯ ಬಟ್ಟೆಯಲ್ಲಿ ಹೊಲಿಯುತ್ತಿದ್ದಾರೆ. ಗಂಡುಮಕ್ಕಳೂ ಸೂಜಿ ಹಿಡಿಯುತ್ತಾರೆ. ಮೊದಲು ನಾಚಿದವರು ಈಗ ಯಾರ ಹೊಲಿಗೆ ನೆಟ್ಟಗಿದೆ ಎಂದು ಪಂದ್ಯ ಹೂಡುತ್ತಾರೆ. ಉಳಿದ ಹೊತ್ತಿನಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು, ದೇವರ ಚಿತ್ರವಿರುವುದನ್ನು ಬೇರೆಯಾಗಿ ತೆಗೆದಿರಿಸಿ, ನೀಳವಾದ ಪಟ್ಟಿಗಳಾಗಿ ಕತ್ತರಿಸಿ ಸುರುಳಿ ಸುತ್ತಿ ಅಂಟು ಹಾಕಿ ಮಣಿಗಳನ್ನು ಮಾಡುತ್ತಾರೆ. ಆ ಕಾಗದದ ಮಣಿಗಳ ಸರವನ್ನು ಕೊರಳಿಗೆ ಹಾಕಿಕೊಂಡು ಮನೆಗೆ ಓಡುವ ಮಕ್ಕಳ ಮುಖದಲ್ಲಿ ಕಾಣುವ ಸಂತೋಷವು ತೊಲದ ಲೆಕ್ಕಕ್ಕೆ ಸಿಕ್ಕುವಂಥದಲ್ಲ. ಯಾರಾದರೂ ಅದನ್ನು ಮುಟ್ಟಿ ನೋಡಿದರೆ, ಇದು ಯಾವ ತಿಂಗಳ ಹಾಳೆ, ಯಾವ ಮಣಿಯನ್ನು ಯಾವ ಗೆಳೆಯ ಸುತ್ತಿಕೊಟ್ಟ ಎಂದು ಅವು ವಿವರಿಸತೊಡಗುತ್ತವೆ.

ಬೆಲೆಬಾಳುವ ಒಡವೆಯನ್ನು ಧರಿಸಿದ ನಾವೂ ಹಾಗೆ ವಿವರಿಸಲು ಶಕ್ತರಾಗಬೇಕು. ಇದು ಯಾವುದರಿಂದ ಆಯಿತು, ಯಾರ ಕೈಯಿಂದ ಆಯಿತು, ಆ ಕೈಗೆ ಏನು ಸಂದಿತು ಎಂಬ ಮೂರು ಪ್ರಶ್ನೆಗಳನ್ನು ಅಂಗಡಿಯಲ್ಲಿ ಕೇಳುವುದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ. ಮೂರಕ್ಕೂ ಸಮಾಧಾನಕರವಾದ ಉತ್ತರ ಎಲ್ಲ ಸಲವೂ ದೊರೆಯದು. ದೊರೆತ ವಸ್ತುವನ್ನು ಸಂತೋಷದಿಂದ ಧರಿಸೋಣ. ದೊರೆಯದಿದ್ದಲ್ಲಿ, ಬೇರೆ ವಿಧವಾಗಿ ಮಾಡಿಕೊಡಲು ಸಾಧ್ಯವೇ ಎಂದು ಮಾಡುವವರನ್ನೇ ವಿಚಾರಿಸೋಣ. ನಮ್ಮ ಓಣಿಯ ಅಕ್ಕಸಾಲಿಗರಂತೆ, ಚನ್ನಪಟ್ಟಣದ ಆ ಕುಶಲಕರ್ಮಿಯಂತೆ, ಉಪಾಯವನ್ನು ಬಲ್ಲ ಕೈಗಳು ನಾಡಿನಲ್ಲಿ ಇನ್ನೂ ಇವೆ.